ಸಾಲುಮನೆಗಳ ಹಿತ್ತಲ ಕಟ್ಟಡಗಳು: ಓಓ ಲೇಔಟ್‌ಗೆ ಕಕ್ಕಸು, ಕಲ್ಲಿದ್ದಲು ಗೂಡು, ಹಿಂಬದಿ ಗಲ್ಲಿ

ಸಿಗ್ನಲ್_ಕಂಬ

ಎಲ್ಲರಿಗೂ ನಮಸ್ಕಾರ. ಓಓ ಅಳತೆಯ (ನಿಜದ ಒಂದು ಅಡಿಗೆ 4 ಮಿ.ಮೀ.) ಮಾದರಿ ರೈಲು ಲೇಔಟ್, ಜಾಗ ಲ್ಯಾಂಕಷೈರಿನ ಒಂದು ಕಲ್ಪಿತ ಹತ್ತಿಗಿರಣಿ ಊರು, ಕಾಲ 1955ರ ಆಸುಪಾಸು. ಹಳಿ ಏರಿಯ ಮೇಲಿದೆ. ಏರಿಯ ಬುಡದಲ್ಲಿ 8 ಮನೆಗಳ ಒಂದು ಸಾಲು. ರೈಲಿನ ಕಡೆಯಿಂದ ಕಾಣುವುದು ಮನೆಗಳ ಬೆನ್ನು ಮಾತ್ರ: ಹಿತ್ತಲು, ಕಕ್ಕಸು, ಕಲ್ಲಿದ್ದಲು ಗೂಡು, ಹಿಂದಿನ ಗಲ್ಲಿ. ಮನೆಗಳ ಗೋಡೆ ಆಗಿದೆ. ಹಿತ್ತಲ ಕಟ್ಟಡಗಳನ್ನು ಕಿಟ್ ಬಳಸದೆ ಕಟ್ಟಬೇಕು.

ತಿಳಿಯಬೇಕಾದ್ದು ಇಷ್ಟು. ಒಂದು ಕಕ್ಕಸಿನ ನಿಜವಾದ ಅಳತೆ ಏನು? ಗಲ್ಲಿಯ ಕಡೆಯ ಗೋಡೆಯಲ್ಲಿ ಕಾಣುವ ಚಿಕ್ಕ ಚಿಕ್ಕ ಬಾಗಿಲುಗಳು ಯಾವುದಕ್ಕೆ, ಎಷ್ಟು ಎತ್ತರದಲ್ಲಿ? ಸ್ಲೇಟ್ ಕಲ್ಲಿನ ಮಾಡನ್ನು (ಚಾವಣಿಯನ್ನು) ಯಾವುದರಲ್ಲಿ ಮಾಡಿದರೆ ಚೆನ್ನ? ಇಲ್ಲಿ ಸುಲಭವಾಗಿ ಸಿಗುವ ಸಾಮಾನಿನಲ್ಲೇ ಆದರೆ ಒಳ್ಳೆಯದು.

ಇಟ್ಟಿಗೆ_ಗೂಡು

ಅಳತೆಗೆ ಮುಂಚೆ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ ಸರ್: ಆ ಗಲ್ಲಿಗೆ ಯಾರು ಬರುತ್ತಿದ್ದರು, ಏನನ್ನು ಒಳಗೆ ಹಾಕುತ್ತಿದ್ದರು, ಏನನ್ನು ಹೊರಗೆ ತೆಗೆಯುತ್ತಿದ್ದರು. ಗೋಡೆಯ ಪ್ರತಿಯೊಂದು ಕಿಂಡಿಯೂ ಅದರಿಂದಲೇ ಹುಟ್ಟಿದ್ದು.

1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಹೊಸ ಮನೆ ಪ್ರತಿಯೊಂದಕ್ಕೂ ಕಕ್ಕಸು ಕಡ್ಡಾಯವಾಯಿತು. 1877ರ ಮಾದರಿ ಉಪನಿಯಮಗಳು ಮನೆಯ ಹಿಂದೆ ಕನಿಷ್ಠ 150 ಚದರ ಅಡಿ ಬಯಲು ಬಿಡಬೇಕೆಂದವು. ಊರೂರಿನ ಆಡಳಿತ ಇವನ್ನು ತನಗೆ ಬೇಕಾದಂತೆ ತಿದ್ದಿ ಜಾರಿ ಮಾಡಿತು. 15 ಅಡಿ ಅಗಲದ ಮನೆಗೆ 10 ಅಡಿ ಆಳದ ಹಿತ್ತಲು ಎಂದರೆ ಲೆಕ್ಕ ಸರಿಹೋಯಿತು. ಓಓದಲ್ಲಿ ಅದು 60 × 40 ಮಿ.ಮೀ. ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ಕಕ್ಕಸು ಮನೆಗೆ ಅಂಟಿಕೊಳ್ಳದೆ ಹಿತ್ತಲಿನ ಕೊನೆಯಲ್ಲಿ, ಗಲ್ಲಿಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದು ಹಿಂದಿನಿಂದಲೇ ಬಾಚಿ ತೆಗೆಯಲಿ ಎಂದು. ಬಸವನಗುಡಿ, ಮಲ್ಲೇಶ್ವರದ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಲ್ಲವರಿಗೆ ಈ ತರ್ಕ ಹೊಸದಲ್ಲ.

ಹಾಗಾಗಿ ಗಲ್ಲಿಯ ಗೋಡೆಯಲ್ಲಿ ಎರಡು ಬಗೆಯ ಕಿಂಡಿ. ಕೆಳಗಿನದು ಬೂದಿಗುಂಡಿ ಅಥವಾ ಬಕೆಟ್ ತೆಗೆಯುವ ಕಿಂಡಿ: ಸುಮಾರು 2 ಅಡಿ ಚೌಕ, ಅಂದರೆ 8 ಮಿ.ಮೀ., ನೆಲದಿಂದ ತುಸುವೇ ಮೇಲೆ. ಮೇಲಿನದು ಕಲ್ಲಿದ್ದಲು ಸುರಿಯುವ ಕಿಂಡಿ: ಒಂದೂವರೆಯಿಂದ 2 ಅಡಿ ಚೌಕ. ಅದರ ಬುಡ ನೆಲದಿಂದ 4 ಅಡಿ, ಅಂದರೆ 16 ಮಿ.ಮೀ. ಎತ್ತರಕ್ಕಿರಲಿ. ಹೆಗಲ ಮೇಲಿನ ಮೂಟೆಯನ್ನು ಬಗ್ಗಿಸಿ ಸುರಿಯುವುದಕ್ಕೆ ಆ ಎತ್ತರ ಬೇಕು. ಇವೆರಡನ್ನೂ ಒಂದೇ ಎತ್ತರದಲ್ಲಿ ಇಟ್ಟ ಮಾದರಿಗಳು ಬಹಳ ಕಾಣಸಿಗುತ್ತವೆ. ನೋಡಿದ ಕೂಡಲೇ ಏನೋ ತಪ್ಪಿದೆ ಅನ್ನಿಸುವುದು ಅದಕ್ಕೇ.

ನಿಮ್ಮದು 1955. ಅಷ್ಟು ಹೊತ್ತಿಗೆ ಹೆಚ್ಚಿನ ಕಡೆ ನೀರಿನ ಕಕ್ಕಸು ಬಂದಿತ್ತು. ಕೆಳಗಿನ ಕಿಂಡಿಯನ್ನು ಇಟ್ಟಿಗೆ ಇಟ್ಟು ಮುಚ್ಚಿ, ಮೇಲಿನದನ್ನು ಬಾಗಿಲು ಸಮೇತ ಉಳಿಸಿ. ಮುಚ್ಚಿದ ಜಾಗದ ಇಟ್ಟಿಗೆ ಸುತ್ತಲಿನದಕ್ಕಿಂತ ಹೊಸದು, ಮಸಿ ಕಡಿಮೆ, ವರಸೆಗಳು (ಇಟ್ಟಿಗೆಯ ಅಡ್ಡ ಸಾಲುಗಳು) ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಅರ್ಧ ಮಿ.ಮೀ. ಒಳಗೆ ತಳ್ಳಿ ಕೂರಿಸಿದರೆ ನೆರಳು ತಾನೇ ಬರುತ್ತದೆ. ಎಂಟರಲ್ಲಿ ಒಂದೆರಡು ಮನೆಗಳಲ್ಲಿ ಕಿಂಡಿಯ ಹಳೆ ಮರದ ಬಾಗಿಲನ್ನೇ ಮೊಳೆ ಹೊಡೆದು ಬಿಟ್ಟಂತೆ ಮಾಡಿ.

ಮ್ಯಾಂಚೆಸ್ಟರ್_ಕನ್ನಡತಿ

ಮೇಲಿನ ಮಾತಿಗೆ ಒಂದು ಸೇರ್ಪಡೆ. ಊರು ಬದಲಾದರೆ ಹಿತ್ತಲೂ ಬದಲು. ಲ್ಯಾಂಕಷೈರ್ ಎಂದು ಹೇಳಿದ್ದರಿಂದ ಸಿಗ್ನಲ್_ಕಂಬ ಅವರಿಗೆ ತೊಂದರೆಯಿಲ್ಲ, ಆದರೆ ಈ ಅಳತೆಗಳನ್ನು ಎಲ್ಲ ಕಡೆಗೂ ಅನ್ವಯಿಸಬೇಡಿ.

ಲೀಡ್ಸಿನ ಬೆನ್ನಿಗೆ ಬೆನ್ನು ಅಂಟಿದ ಮನೆಗಳಿಗೆ ಹಿತ್ತಲೇ ಇಲ್ಲ. ನಾಲ್ಕೋ ಎಂಟೋ ಮನೆಗಳ ನಡುವೆ ಬಿಟ್ಟ ಸಂದಿನಲ್ಲಿ ಕಕ್ಕಸುಗಳು. ಅಂಥ ಮನೆಗಳನ್ನು 1909ರಲ್ಲಿ ದೇಶಾದ್ಯಂತ ನಿಷೇಧಿಸಿದರೂ ಲೀಡ್ಸಿನಲ್ಲಿ 1937ರ ತನಕ ಕಟ್ಟಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಅಂಗಳದ ಸುತ್ತ ಮನೆಗಳು, ಅಂಗಳದಲ್ಲಿ ಎಲ್ಲರಿಗೂ ಸೇರಿದ ಕಕ್ಕಸು ಮತ್ತು ಬಟ್ಟೆ ಒಗೆಯುವ ಮನೆ. ಹರ್ಸ್ಟ್ ಸ್ಟ್ರೀಟ್ ಮತ್ತು ಇಂಜ್ ಸ್ಟ್ರೀಟ್ ಮೂಲೆಯಲ್ಲಿ ನ್ಯಾಷನಲ್ ಟ್ರಸ್ಟ್ ಅಂಥದೊಂದು ಅಂಗಳವನ್ನು ಉಳಿಸಿ 2004ರಿಂದ ಜನರಿಗೆ ತೋರಿಸುತ್ತಿದೆ. ಟೈನ್‌ಸೈಡಿನಲ್ಲಿ ಕೆಳಗೊಂದು ಮೇಲೊಂದು ಸಂಸಾರ, ಹಿತ್ತಲಿಗೆ ನಡುಗೋಡೆ, ಇಬ್ಬರಿಗೂ ಬೇರೆ ಬೇರೆ ಕಕ್ಕಸು, ಬೇರೆ ಗೂಡು. ಅಷ್ಟೇ ಅಗಲದಲ್ಲಿ ಕಟ್ಟಡ ಎರಡರಷ್ಟು, ಜೊತೆಗೆ ಮೇಲಿನ ಮನೆಯಿಂದ ಹಿತ್ತಲಿಗೆ ಇಳಿಯುವ ಮೆಟ್ಟಿಲು. ಲಂಡನ್ನಿನ ಸಾಲುಮನೆಗಳಲ್ಲಿ ಸಾಮಾನ್ಯವಾಗಿ ಕಕ್ಕಸು ಮನೆಯ ಹಿಂಚಾಚಿನ ತುದಿಗೇ ಅಂಟಿರುತ್ತದೆ. ಗಲ್ಲಿಯೇ ಇರದೆ ಎರಡು ಸಾಲಿನ ಹಿತ್ತಲುಗಳು ಒಂದಕ್ಕೊಂದು ತಾಗಿರುವುದೂ ಉಂಟು. ಇಟ್ಟಿಗೆ ಹಳದಿ.

ನೋಡುವುದಕ್ಕೆ ಎರಡು ಖಜಾನೆಗಳಿವೆ. ಒಂದು, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ಹಳೆಯ ಆರ್ಡ್ನೆನ್ಸ್ ಸರ್ವೆ ನಕ್ಷೆಗಳು. 1:500ರ ಪಟ್ಟಣ ನಕ್ಷೆಗಳಲ್ಲಿ ಒಂದೊಂದು ಕಕ್ಕಸೂ ಬೇರೆಯಾಗಿ ಕಾಣುತ್ತದೆ. ಎರಡು, 'ಬ್ರಿಟನ್ ಫ್ರಮ್ ಅಬವ್' ತಾಣದಲ್ಲಿರುವ ಏರೋಫಿಲ್ಮ್ಸ್ ವಿಮಾನ ಚಿತ್ರಗಳು, 1919ರಿಂದ 1953ರವರೆಗಿನವು. ಮಾಡು ಯಾವ ಕಡೆಗೆ ಇಳಿಜಾರು ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರ ಸಿಗದು, ವಿಮಾನ ಚಿತ್ರದಲ್ಲಿ ಸಿಗುತ್ತದೆ.

ಹಳಿ_ಹದಿನಾರೂವರೆ

ನಕ್ಷೆಯಿಂದ ಓಓಗೆ ಬರಲು ಗುಣಕಗಳು: 1:500 ಆದರೆ ನಕ್ಷೆಯ ಮೇಲಿನ ಮಿಲಿಮೀಟರನ್ನು 6.56ರಿಂದ ಗುಣಿಸಿ. 1:1056 ಆದರೆ 13.86. 1:2500 ಆದರೆ 32.8. ಕೊನೆಯದರಲ್ಲಿ ಪೆನ್ಸಿಲ್ ಗೆರೆಯ ದಪ್ಪವೇ ಓಓದಲ್ಲಿ ಒಂದು ಗೋಡೆಯಷ್ಟಾಗುತ್ತದೆ, ಆದ್ದರಿಂದ ಜಾಗ ಗುರುತಿಸಲು ಮಾತ್ರ ಬಳಸಿ, ಅಳತೆಗೆ ಬೇಡ. ಪರದೆಯಿಂದ ಪ್ರಿಂಟ್ ತೆಗೆದರೆ ಅಳತೆ ಹಿಗ್ಗಿಯೋ ಕುಗ್ಗಿಯೋ ಇರುತ್ತದೆ. ನಕ್ಷೆಯ ಅಳತೆಪಟ್ಟಿಯನ್ನು ಜೊತೆಗೇ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ.

ಸಿಗ್ನಲ್_ಕಂಬ

ಬಹಳ ಉಪಕಾರವಾಯಿತು ಮೇಡಂ, ಸರ್. ಮಾಡು ಹಿತ್ತಲ ಕಡೆಗೆ ಇಳಿಜಾರು ಎಂದು ವಿಮಾನ ಚಿತ್ರದಲ್ಲಿ ಸ್ಪಷ್ಟವಾಗಿದೆ. ಗಲ್ಲಿಯ ಕಡೆ ಎತ್ತರ. ಎರಡೆರಡು ಮನೆಯ ಕಟ್ಟಡಗಳು ಒಂದಕ್ಕೊಂದು ಅಂಟಿವೆ. ಈಗ ಅಳತೆ ಹೇಳಿ.

ಇಟ್ಟಿಗೆ_ಗೂಡು

ಜೋಡಿಯೇ ಮೂಲ ಘಟಕ ಎಂದು ಕಂಡುಕೊಂಡಿರಿ, ಅರ್ಧ ಕೆಲಸ ಮುಗಿದ ಹಾಗೆ. ನಡುಗೋಡೆಯ ಎರಡೂ ಬದಿಗೆ ಕಕ್ಕಸು (ಚರಂಡಿ ಒಂದೇ ಸಾಕಾಗಲಿ ಎಂದು), ಅದರ ಆಚೆಗೆ ಕಲ್ಲಿದ್ದಲು ಗೂಡು, ಕನ್ನಡಿಯಲ್ಲಿ ಕಂಡಂತೆ.

ಕಕ್ಕಸಿನ ಒಳ ಅಗಲ 3 ಅಡಿ, ಒಳ ಆಳ 4 ಅಡಿ 6 ಇಂಚು. ಗೂಡಿನ ಅಗಲ 4 ಅಡಿ. ಗಲ್ಲಿಯ ಗೋಡೆ ಮತ್ತು ನಡುಗೋಡೆ 9 ಇಂಚು, ಮಿಕ್ಕವು ನಾಲ್ಕೂವರೆ ಇಂಚು. ಎಡದಿಂದ ಬಲಕ್ಕೆ ಓಓದಲ್ಲಿ ಕೂಡಿಸುತ್ತ ಹೋಗಿ: 1.5 + 16 + 1.5 + 12 + 3 + 12 + 1.5 + 16 + 1.5 = 65 ಮಿ.ಮೀ. ಆಳ 3 + 18 + 1.5 = 22.5 ಮಿ.ಮೀ.

ಎರಡು ಮನೆಯ ಅಗಲ 120. ಅದರಲ್ಲಿ 65 ಹೋದರೆ 55 ಉಳಿಯಿತು. ಎರಡು ಹಿತ್ತಲ ಬಾಗಿಲಿಗೆ 12ರಂತೆ 24, ಉಳಿದ 31 ಮಿ.ಮೀ. ಬರೀ ಗೋಡೆ, 6 ಅಡಿ ಎತ್ತರ, ಅಂದರೆ 24 ಮಿ.ಮೀ.

ಎತ್ತರದಲ್ಲಿ ಜನ ಎಡವುವುದು ಮಾಡಿನ ಇಳಿಜಾರಿನಲ್ಲಿ. ಕಟ್ಟಡ ಚಿಕ್ಕದು ಅಂತ ಮಾಡನ್ನು ಚಪ್ಪಟೆ ಮಾಡಿಬಿಡುತ್ತಾರೆ. ಸ್ಲೇಟ್ ಮಾಡು 25 ಡಿಗ್ರಿಗಿಂತ ಕಡಿಮೆಯಾದರೆ ಗಾಳಿಮಳೆಗೆ ನೀರು ಸ್ಲೇಟಿನ ಅಡಿಗೆ ಹಿಮ್ಮರಳಿ ನುಗ್ಗುತ್ತದೆ, ಯಾವ ಮೇಸ್ತ್ರಿಯೂ ಹಾಗೆ ಹಾಕುವುದಿಲ್ಲ. ಹಿತ್ತಲ ಕಡೆ ಸೂರು 6 ಅಡಿ 6 ಇಂಚು, ಅಂದರೆ 26 ಮಿ.ಮೀ. ಇಟ್ಟುಕೊಳ್ಳಿ. 22.5 ಆಳಕ್ಕೆ 25 ಡಿಗ್ರಿಯಲ್ಲಿ 10.5 ಮಿ.ಮೀ. ಏರುತ್ತದೆ. ಗಲ್ಲಿಯ ಕಡೆ 36.5 ಮಿ.ಮೀ. ಆಯಿತು, 9 ಅಡಿಗೆ ತುಸು ಮೇಲೆ. 24ರ ಹಿತ್ತಲ ಗೋಡೆ, 36.5ರ ಕಟ್ಟಡ, ಮತ್ತೆ ಗೋಡೆ, ಮತ್ತೆ ಕಟ್ಟಡ: ಗಲ್ಲಿಯ ಉದ್ದಕ್ಕೂ ಕಾಣುವ ಆ ಏರಿಳಿತ ಬರುವುದು ಹೀಗೆ.

ಇಟ್ಟಿಗೆ 9 × 4.5 × 3 ಇಂಚು ಎಂದು ಗಾರೆ ಸೇರಿಸಿಯೇ ಹಿಡಿಯಿರಿ. ಓಓದಲ್ಲಿ ಉದ್ದ 3 ಮಿ.ಮೀ., ಒಂದು ವರಸೆ 1 ಮಿ.ಮೀ. ಉತ್ತರದ ಇಟ್ಟಿಗೆ ಇನ್ನಷ್ಟು ದಪ್ಪ, ಆದರೆ ಈ ಅಳತೆಯಲ್ಲಿ ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದ್ದು ಕಟ್ಟುವ ಬಗೆಗೆ. 9 ಇಂಚಿನ ಗಲ್ಲಿ ಗೋಡೆಯಲ್ಲಿ ಮೂರೋ ಐದೋ ವರಸೆ ಉದ್ದ ಇಟ್ಟಿಗೆ, ಆಮೇಲೆ ಒಂದು ವರಸೆ ಅಡ್ಡ ಇಟ್ಟಿಗೆ. ನಾಲ್ಕೂವರೆ ಇಂಚಿನ ಒಳಗೋಡೆಗಳಲ್ಲಿ ಬರೀ ಉದ್ದ ಇಟ್ಟಿಗೆ, ಅಡ್ಡ ಇಟ್ಟಿಗೆ ಬರಲು ಜಾಗವೇ ಇಲ್ಲ. ಎರಡಕ್ಕೂ ಒಂದೇ ಉಬ್ಬು ಇಟ್ಟಿಗೆಯ ಹಾಳೆ ಅಂಟಿಸಿದರೆ ತಿಳಿದವರ ಕಣ್ಣಿಗೆ ಚುಚ್ಚುತ್ತದೆ.

ರಟ್ಟು_ಕತ್ತರಿ

ಸಾಮಾನಿನ ಬಗ್ಗೆ. 3 ಮಿ.ಮೀ. ಸನ್‌ಬೋರ್ಡ್ ಓಓದಲ್ಲಿ ಸರಿಯಾಗಿ 9 ಇಂಚಿನ ಗೋಡೆಯ ದಪ್ಪ. ಬೋರ್ಡ್ ಬರೆಯುವವರ ಅಂಗಡಿಗಳಲ್ಲಿ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಒಳಗೋಡೆಗೆ 1.5 ಅಥವಾ 1 ಮಿ.ಮೀ. ಪ್ಲಾಸ್ಟಿಕಾರ್ಡ್ (ಮಾದರಿ ಕಟ್ಟುವವರ ಪ್ಲಾಸ್ಟಿಕ್ ಹಾಳೆ).

ಸನ್‌ಬೋರ್ಡಿನ ಮೇಲೆ ಇಟ್ಟಿಗೆ ಗೀರುವ ಕ್ರಮ: ಮೊದಲು 240ರ ಉಪ್ಪುಕಾಗದದಿಂದ ಮೇಲಿನ ಹೊಳಪು ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಕೂರುವುದಿಲ್ಲ. ಎರಡೂ ಅಂಚಿನಲ್ಲಿ 1 ಮಿ.ಮೀ.ಗೊಂದು ಗುರುತು ಹಾಕಿ, ಸ್ಟೀಲ್ ಸ್ಕೇಲ್ ಹಿಡಿದು ಮಸಿ ಮುಗಿದ ಬಾಲ್‌ಪೆನ್ ರೀಫಿಲ್ಲಿನಿಂದ ಅಡ್ಡ ಗೆರೆಗಳನ್ನೆಲ್ಲ ಎಳೆದು ಮುಗಿಸಿ. ಲಂಬ ಗೆರೆ ಆಮೇಲೆ. ಅದಕ್ಕೆ ವಾಚ್ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನ ಮೂತಿಯನ್ನು 0.8 ಮಿ.ಮೀ. ಅಗಲಕ್ಕೆ ಉಜ್ಜಿಕೊಂಡರೆ ಒಂದು ಒತ್ತಿಗೆ ಒಂದು ಗೆರೆ. ನಿಜವಾದ ಗಾರೆಯ ಸಂದು ಒಂದು ಇಂಚಿನ ಎಂಟನೇ ಮೂರು ಭಾಗ, ಓಓದಲ್ಲಿ 0.13 ಮಿ.ಮೀ.ಗೂ ಕಡಿಮೆ. ಆದ್ದರಿಂದ ಕೈ ಹಗುರ ಇರಲಿ. ಚೂಪು ಬ್ಲೇಡಿನಲ್ಲಿ ಗೀರಬೇಡಿ, ಬ್ಲೇಡ್ ಬರೀ ಸೀಳುತ್ತದೆ, ಸೀಳು ಮತ್ತೆ ಮುಚ್ಚಿಕೊಂಡು ಬಣ್ಣ ಹಚ್ಚಿದ ಮೇಲೆ ಕಾಣೆಯಾಗುತ್ತದೆ.

ಅಂಟಿಗೆ ಫೆವಿಕ್ವಿಕ್ ಸಾಕು. ಪಿವಿಸಿ ಪೈಪಿನ ಸೊಲ್ಯೂಷನ್ ದಪ್ಪಗೆ ಬಿದ್ದರೆ ಸನ್‌ಬೋರ್ಡಿನ ಮೈ ಮೆತ್ತಗಾಗಿ ಗೀರಿದ ಇಟ್ಟಿಗೆ ಅಳಿಸಿಹೋಗುತ್ತದೆ.

ಬಹಳ ಮುಖ್ಯವಾದ ಮಾತು: ಸನ್‌ಬೋರ್ಡನ್ನು ಲೇಸರ್ ಕಟಿಂಗ್‌ಗೆ ಕೊಡಲೇಬೇಡಿ. ಅದು ಪಿವಿಸಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಉಸಿರಿಗೂ ಅಪಾಯ, ಯಂತ್ರಕ್ಕೂ ತುಕ್ಕು.

ಕಡಲತೀರ_ಲೈನ್

ಪ್ಲಾಸ್ಟಿಕಾರ್ಡಿನ ಮೇಲೆ ಉಬ್ಬು ಇಟ್ಟಿಗೆಯ ಹಾಳೆ ಅಂಟಿಸಿದ ಗೋಡೆ ಕೆಲವು ವಾರಗಳ ಮೇಲೆ ಬಿಲ್ಲಿನಂತೆ ಬಾಗುವುದೇಕೆ? ಹಿತ್ತಲ ಗೋಡೆ ಉದ್ದ ಮತ್ತು ಕುಳ್ಳು, ಅದರಲ್ಲಿ ಈ ದೋಷ ಎದ್ದು ಕಾಣುತ್ತದೆ. ಹಾಗೆಯೇ, ಮಂಗಳೂರಿನ ಮಳೆಗಾಲಕ್ಕೆ ರಟ್ಟಿನ ಕಿಟ್ ತಡೆಯುವುದೇ?

ರಟ್ಟು_ಕತ್ತರಿ

ಬಾಗುವುದು ಒಳಗೆ ಸಿಕ್ಕಿಕೊಂಡ ಸಾಲ್ವೆಂಟಿನಿಂದ. ಎರಡು ಹಾಳೆಯ ನಡುವೆ ಬ್ಯೂಟನೋನ್ (ಪ್ಲಾಸ್ಟಿಕನ್ನು ಕರಗಿಸಿ ಅಂಟಿಸುವ ಸಾಲ್ವೆಂಟ್) ಸುರಿದರೆ ಅಂಚಿನದು ಬೇಗ ಆರುತ್ತದೆ, ನಡುವಿನದಕ್ಕೆ ಹೊರಬರಲು ದಾರಿಯಿಲ್ಲ. ಅದು ವಾರಗಟ್ಟಲೆ ತೆಳು ಹಾಳೆಯನ್ನು ಮೆದುಮಾಡುತ್ತ, ಕುಗ್ಗಿಸುತ್ತ ಇರುತ್ತದೆ. ತೆಳು ಹಾಳೆ ಇರುವ ಬದಿಗೆ ಗೋಡೆ ಬಾಗುತ್ತದೆ.

ಪರಿಹಾರ ಮೂರು. ಒಳಹಾಳೆಗೆ 15 ಮಿ.ಮೀ.ಗೊಂದರಂತೆ 2 ಮಿ.ಮೀ. ತೂತು ಕೊರೆದು ಸಾಲ್ವೆಂಟಿಗೆ ಹೊರದಾರಿ ಕೊಡಿ. ಅಂಚಿಗೂ ತೂತುಗಳ ಮೂಲಕವೂ ಬ್ರಷ್ಷಿನಿಂದ ಸ್ವಲ್ಪವೇ ಹಾಕಿ. ಇನ್ನೂ ಒಳ್ಳೆಯದೆಂದರೆ ಗೋಡೆಯ ಎರಡೂ ಮುಖಕ್ಕೆ ಅದೇ ದಪ್ಪದ ಉಬ್ಬು ಹಾಳೆ ಅಂಟಿಸುವುದು. ಎರಡೂ ಬದಿಯ ಎಳೆತ ಸಮವಾಗಿ ಗೋಡೆ ನೆಟ್ಟಗೆ ನಿಲ್ಲುತ್ತದೆ. ಹಿತ್ತಲ ಗೋಡೆಗೆ ಹೇಗೂ ಎರಡೂ ಮುಖ ಕಾಣುವುದರಿಂದ ಇದು ಬೇಕೇ ಬೇಕು. ನಡುವೆ 2 ಮಿ.ಮೀ., ಆಚೀಚೆ ಅರ್ಧರ್ಧ, ಒಟ್ಟು 3.

ಮೂಲೆಯಲ್ಲಿ ಎರಡೂ ಹಾಳೆಯನ್ನು 45 ಡಿಗ್ರಿಗೆ ಉಜ್ಜಿ ಸೇರಿಸಿ. ಸೇರಿಸುವ ಮೊದಲು ವರಸೆಗಳು ಒಂದೇ ಮಟ್ಟದಲ್ಲಿವೆಯೇ ನೋಡಿ. ಅರ್ಧ ವರಸೆ ತಪ್ಪಿದರೂ ಮೂಲೆ ಕೆಟ್ಟಿತು. ಅಂಟು ಒಣಗಿದ ಮೇಲೆ ಅಡ್ಡ ಗೆರೆಗಳನ್ನು ಮೂಲೆಯ ಸುತ್ತ ತ್ರಿಕೋನ ಅರದಿಂದ ಒಂದೊಂದಾಗಿ ಮುಂದುವರಿಸಿ.

ರಟ್ಟು ಕರಾವಳಿಯಲ್ಲಿಯೂ ನಿಲ್ಲುತ್ತದೆ, ಎರಡೂ ಮುಖಕ್ಕೆ ಮತ್ತು ಕತ್ತರಿಸಿದ ಅಂಚಿಗೆ ಅರಗಿನ ವಾರ್ನಿಶ್ ತೆಳುವಾಗಿ ಕುಡಿಸಿದರೆ. ಒಂದೇ ಮುಖಕ್ಕೆ ಹಚ್ಚಿದರೆ ಹಚ್ಚದಿರುವುದಕ್ಕಿಂತ ಕೇಡು. ಮೆಟ್‌ಕಾಫ್‌ನಂಥ ಅಚ್ಚಾದ ಕಿಟ್ಟಾದರೆ ಮುದ್ರಿತ ಮುಖದ ಮೂಲೆಯಲ್ಲೊಂದು ಹನಿ ಹಚ್ಚಿ ಪರೀಕ್ಷಿಸಿ, ಬಣ್ಣ ಹರಡದಿದ್ದರೆ ಮುಂದುವರಿಯಿರಿ.

ನೀಲಿ_ಸ್ಲೇಟು

ಮಾಡಿನ ಪ್ರಶ್ನೆ ಬಾಕಿ ಇದೆ. ವೇಲ್ಸ್ ಸ್ಲೇಟಿಗೆ ಅಳತೆಗೊಂದು ಹೆಸರು: 24 × 12 ಇಂಚು ಡಚೆಸ್, 20 × 10 ಕೌಂಟೆಸ್, 16 × 8 ಲೇಡಿ. ಮನೆಗೆ ದೊಡ್ಡದು, ಕಕ್ಕಸಿಗೆ ಚಿಕ್ಕದು. ಮನೆಯ ಮಾಡಿಗೂ ಕಕ್ಕಸಿನ ಮಾಡಿಗೂ ಒಂದೇ ಸ್ಲೇಟ್ ಹಾಳೆ ಹಾಕಿದರೆ ಕಕ್ಕಸು ಗೊಂಬೆಮನೆಯಂತೆ ಕಾಣುತ್ತದೆ.

ಸ್ಲೇಟಿನ ಉದ್ದವೆಲ್ಲ ಹೊರಗೆ ಕಾಣುವುದಿಲ್ಲ. ಉದ್ದದಿಂದ 3 ಇಂಚು ಮೇಲುಮುಚ್ಚು ಕಳೆದು ಎರಡರಿಂದ ಭಾಗಿಸಿದರೆ ಕಾಣುವ ಭಾಗ. ಲೇಡಿಗೆ (16 − 3) ÷ 2 = 6.5 ಇಂಚು, ಓಓದಲ್ಲಿ 2.2 ಮಿ.ಮೀ. ಅಗಲ 2.7 ಮಿ.ಮೀ. ಮೇಲೆ ಹೇಳಿದ ಜೋಡಿ ಕಟ್ಟಡದ ಮಾಡಿನ ಇಳಿಜಾರು ಉದ್ದ ಸೂರಿನ ಚಾಚು ಸೇರಿ ಸುಮಾರು 26 ಮಿ.ಮೀ., ಅಂದರೆ 12 ಸಾಲು. ಅಗಲ ಆಚೀಚೆ 1 ಮಿ.ಮೀ. ಚಾಚಿ 67, ಸಾಲಿಗೆ 25 ಸ್ಲೇಟ್. ಒಂದು ಜೋಡಿಗೆ 300.

ಒಂದೊಂದಾಗಿ ಅಂಟಿಸಬೇಕಿಲ್ಲ. ಸಾಧಾರಣ 80 ಜಿಎಸ್‌ಎಂ ಕಾಗದ ಸಾಕು, ಐವರಿ ಶೀಟ್ ಹಾಕಿದರೆ ಸ್ಲೇಟಿನ ದಪ್ಪ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಕಾಗದಕ್ಕೆ ಮೊದಲೇ ನೀಲಿಬೂದು ಅಕ್ರಿಲಿಕ್ ಹೊಡೆದು ಒಣಗಿಸಿ, 4.5 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಕೆಳ ಅಂಚಿನಿಂದ ಮೇಲಕ್ಕೆ ಅರ್ಧದವರೆಗೆ 2.7 ಮಿ.ಮೀ.ಗೊಂದು ಸೀಳು ಕೊಡಿ. ಸೂರಿನಿಂದ ಶುರು ಮಾಡಿ. ಮೊದಲ ಸಾಲಿನ ಅಡಿಗೆ ಸೀಳಿಲ್ಲದ ಒಂದು ಪಟ್ಟಿ ಕೊಡಲೇಬೇಕು, ಇಲ್ಲದಿದ್ದರೆ ಮೊದಲ ಸಾಲು ಕೆಳಕ್ಕೆ ಜೋಲುತ್ತದೆ. ಪ್ರತಿ ಸಾಲೂ ಹಿಂದಿನದಕ್ಕಿಂತ ಅರ್ಧ ಸ್ಲೇಟ್ ಸರಿದಿರಲಿ. ತಳಕ್ಕೆ 0.5 ಮಿ.ಮೀ. ಪ್ಲಾಸ್ಟಿಕಾರ್ಡ್, ಅದರ ಮೇಲೆ 2.2 ಮಿ.ಮೀ.ಗೊಂದು ಪೆನ್ಸಿಲ್ ಗೆರೆ. ಗೆರೆಯಿಲ್ಲದೆ ಅಂದಾಜಿಗೆ ಅಂಟಿಸಿದರೆ ಆರನೇ ಸಾಲಿಗೆ ಮಾಡು ಓರೆಯಾಗಿರುತ್ತದೆ.

ಫೆವಿಕಾಲ್ ನೀರಾಗಿಸಿ ಬಳಸಬೇಡಿ, ಕಾಗದ ಹಿಗ್ಗಿ ಸೀಳುಗಳು ಬಾಯಿ ಬಿಡುತ್ತವೆ. ಗಟ್ಟಿ ಫೆವಿಕಾಲನ್ನೇ ತೆಳುವಾಗಿ ಎಳೆಯಿರಿ.

ಇನ್ನೊಂದು: ಮಾಡು ಗಲ್ಲಿಯ ಗೋಡೆಗೆ ತಾಗುವ ಕಡೆ ಮನೆಯ ಹೊಗೆಗೂಡಿನ ಬುಡದಲ್ಲಿರುವಂತೆ ಸೀಸದ ತಗಡು ಬೇಡ. ಇಂಥ ಅಗ್ಗದ ಕಟ್ಟಡಗಳಿಗೆ ಬರೀ ಗಾರೆ ಬಳಿದು ಮುಚ್ಚುತ್ತಿದ್ದರು. ಪುಟ್ಟಿಯನ್ನು ಹಲ್ಲುಕಡ್ಡಿಯಿಂದ ಎಳೆದು ಅಲ್ಲಲ್ಲಿ ಚಕ್ಕೆ ಎದ್ದಂತೆ ಮಾಡಿ. ಸೂರಿನ ದೋಣಿ 4 ಇಂಚು, 1.3 ಮಿ.ಮೀ. ಅರ್ಧ ದುಂಡು. ನೀರಿಳಿಯುವ ಪೈಪಿಗೆ 0.9 ಮಿ.ಮೀ. ಹಿತ್ತಾಳೆ ತಂತಿ.

ಸಿಗ್ನಲ್_ಕಂಬ

ಗಾರೆಗೆ ಬಿಳಿ ಬಣ್ಣವೇ ತಾನೆ? ಇಟ್ಟಿಗೆ ಹೊಡೆದ ಮೇಲೆ ಬಿಳಿ ಅಕ್ರಿಲಿಕ್ ತೊಳೆದು ಒರೆಸುವ ವಿಧಾನ ಎಲ್ಲ ಕಡೆ ಕಾಣುತ್ತದೆ.

ಇಟ್ಟಿಗೆ_ಗೂಡು

ಲ್ಯಾಂಕಷೈರಿಗೆ ಬಿಳಿ ಬೇಡ ಸರ್, ದಯವಿಟ್ಟು. ಗಿರಣಿ ಊರುಗಳಲ್ಲಿ ಮರಳಿನ ಬದಲು ಬೂದಿ ಬೆರೆಸಿದ ಗಾರೆ ಹೇರಳವಾಗಿತ್ತು, ಬೂದಿಗೆ ಅಲ್ಲಿ ಬರವಿರಲಿಲ್ಲ. ಆ ಗಾರೆ ಹುಟ್ಟಿನಿಂದಲೇ ಕಪ್ಪು ಬೂದು. ಸುಣ್ಣದ ಗಾರೆಯೇ ಇದ್ದರೂ 1955ಕ್ಕೆ ಅದರ ಮೇಲೆ ಹತ್ತಾರು ವರ್ಷದ ಮಸಿ ಕೂತಿತ್ತು. ಶುದ್ಧಗಾಳಿ ಕಾಯ್ದೆ ಬಂದದ್ದೇ 1956ರಲ್ಲಿ.

ಕ್ರಮ ಹೀಗೆ. ಇಟ್ಟಿಗೆಗೆ ಎನಾಮೆಲ್: ಹಂಬ್ರೋಲ್ ಕಂಪನಿಯ 70ನೇ ನಂಬರ್ ಬಣ್ಣ ಆಧಾರವಾಗಿ, ಒಣ ಬ್ರಷ್ಷಿನಿಂದ. ಎರಡು ದಿನ ಒಣಗಲು ಬಿಡಿ. ಆಮೇಲೆ 100 ಮತ್ತು 62ರಿಂದ ಅಲ್ಲೊಂದು ಇಲ್ಲೊಂದು ಇಟ್ಟಿಗೆ ಎತ್ತಿ ತೋರಿಸಿ, ಹತ್ತರಲ್ಲಿ ಒಂದು ಸಾಕು. ಬಣ್ಣದ ಪೆನ್ಸಿಲಿನಲ್ಲೂ ಈ ಕೆಲಸ ಆಗುತ್ತದೆ. ಗಾರೆಗೆ ಅಕ್ರಿಲಿಕ್: ಬೂದು ಎರಡು ಪಾಲು, ಕಂದು ಒಂದು ಪಾಲು, ಹಾಲಿನಷ್ಟು ತೆಳು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಗೋಡೆಯನ್ನು ಮಲಗಿಸಿ ಹರಿಯಬಿಟ್ಟು, ಅರ್ಧ ನಿಮಿಷದ ನಂತರ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಓರೆಯಾಗಿ ಒರೆಸಿ. ವರಸೆಯ ಗುಂಟ ಒರೆಸಿದರೆ ಗೆರೆಯೊಳಗಿನ ಬಣ್ಣವೂ ಬಂದುಬಿಡುತ್ತದೆ. ಎನಾಮೆಲ್ ಮೇಲೆ ಅಕ್ರಿಲಿಕ್, ಈ ಜೋಡಿಯೇ ಇರಲಿ. ಎರಡೂ ಎನಾಮೆಲ್ ಆದರೆ ಎರಡನೆಯದರ ಥಿನ್ನರ್ ಮೊದಲಿನದನ್ನು ಎಬ್ಬಿಸುತ್ತದೆ.

ಬಿಳಿಗೆ ಜಾಗ ಬೇರೆ ಕಡೆ ಇದೆ. ಹಿತ್ತಲ ಒಳಮುಖದ ಗೋಡೆಗೆ ಎದೆಯೆತ್ತರದವರೆಗೆ, 16ರಿಂದ 20 ಮಿ.ಮೀ., ಸುಣ್ಣ ಹೊಡೆಯುತ್ತಿದ್ದರು. ಕಕ್ಕಸಿನ ಒಳಗೆ ಪೂರ್ತಿ ಸುಣ್ಣ. ಇಕ್ಕಟ್ಟಿನ ಹಿತ್ತಲಿಗೆ ಅಷ್ಟಾದರೂ ಬೆಳಕು ಬರಲಿ ಎಂದು. ಮೇಲಂಚು ನೇರ ಗೆರೆಯಾಗಿರದೆ ಕೈಯಳತೆಯಲ್ಲಿ ಏರಿಳಿಯಲಿ, ಬುಡದಲ್ಲಿ ತೇವಕ್ಕೆ ಹಸಿರುಗಟ್ಟಲಿ. ಮಸಿ ಹಿಡಿದ ಸಾಲಿನ ನಡುವೆ ಆ ಸುಣ್ಣದ ಬಿಳುಪು ಕಂಡರೆ ಅಲ್ಲಿ ಸಂಸಾರ ನಡೆಯುತ್ತಿದೆ ಎಂದು ನಂಬಿಕೆ ಬರುತ್ತದೆ. ಹಿತ್ತಲಿನ ಮಾದರಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಹಳಿ_ಹದಿನಾರೂವರೆ

ಬಾಗಿಲು ಬಿಟ್ಟುಹೋಯಿತು. ಕಕ್ಕಸಿನ ಬಾಗಿಲು 2 ಅಡಿ 4 ಇಂಚು ಅಗಲ, 6 ಅಡಿ ಎತ್ತರ: 9.3 × 24 ಮಿ.ಮೀ. ಹಲಗೆ 6 ಇಂಚು, ಅಂದರೆ 0.5 ಮಿ.ಮೀ. ಪ್ಲಾಸ್ಟಿಕಾರ್ಡಿನ ಮೇಲೆ 2 ಮಿ.ಮೀ.ಗೊಂದು ಗೆರೆ. ಅಡ್ಡಪಟ್ಟಿಗಳು ಬಾಗಿಲಿನ ಒಳಮುಖಕ್ಕೆ, ಹೊರಗೆ ಬರೀ ಹಲಗೆ ಮತ್ತು ಕಬ್ಬಿಣದ ಉದ್ದನೆ ಕೀಲುಪಟ್ಟಿ (ಕಾಗದದ 0.5 × 5 ಮಿ.ಮೀ. ತುಂಡು). ಬಾಗಿಲಿನ ಅಡಿಗೆ 4ರಿಂದ 6 ಇಂಚು ಸಂದು ಬಿಡುತ್ತಿದ್ದರು, ಗಾಳಿಯಾಡಲಿ, ತೊಳೆದ ನೀರು ಹೊರಹೋಗಲಿ ಎಂದು. ಆ 1.5 ಮಿ.ಮೀ. ಸಂದು ಬಿಟ್ಟು ಒಳಗೆ ಕಪ್ಪು ಹೊಡೆದರೆ ಬಾಗಿಲು ಗೋಡೆಗೆ ಅಂಟಿಸಿದ್ದಲ್ಲ, ತೆರೆಯುವಂಥದ್ದು ಎನ್ನಿಸುತ್ತದೆ. ಕಲ್ಲಿದ್ದಲು ಗೂಡಿನ ಬಾಗಿಲಿಗೆ ಸಂದು ಬೇಡ, ಪುಡಿ ಹೊರಗೆ ಚೆಲ್ಲುತ್ತದೆ.

ಬಣ್ಣದಲ್ಲಿ ಚೆಲ್ಲಾಟ ಬೇಡ. ಬಹುತೇಕ ಬಾಡಿಗೆ ಮನೆಗಳು. ಮಾಲೀಕ ಇಡೀ ಸಾಲಿಗೆ ಒಂದೇ ಬಣ್ಣ ಹೊಡೆಸುತ್ತಿದ್ದ, ಕಡುಹಸಿರು ಅಥವಾ ಕಂದು. ಎಂಟು ಬಾಗಿಲಿಗೆ ಎಂಟು ಬಣ್ಣ 1970ರ ದಶಕದ ಲೇಔಟ್‌ಗೆ ಒಪ್ಪುತ್ತದೆ. ಆ ಕಾಲಕ್ಕೆ ಮನೆಯೊಳಗೆ ಬಚ್ಚಲು ಬಂದು ಅರ್ಧಕ್ಕರ್ಧ ಕಕ್ಕಸುಗಳು ಸಾಮಾನು ತುಂಬುವ ಕೋಣೆಯಾಗಿರುತ್ತವೆ.

ಮ್ಯಾಂಚೆಸ್ಟರ್_ಕನ್ನಡತಿ

ನೀರಿನ ಕಕ್ಕಸಾದರೆ ಒಳಗೆ ಎತ್ತರದಲ್ಲಿ ತೊಟ್ಟಿ ಇರುತ್ತದೆ, ತುಂಬಿ ಹೆಚ್ಚಾದ ನೀರು ಹೊರಹೋಗಲು ಒಂದು ಸಣ್ಣ ಕೊಳವೆ ಗೋಡೆಯಿಂದ ಹೊರಚಾಚಿರುತ್ತದೆ. 0.3 ಮಿ.ಮೀ. ತಂತಿ, 1.5 ಮಿ.ಮೀ. ಹೊರಗೆ, ಸೂರಿನಿಂದ ಸ್ವಲ್ಪ ಕೆಳಗೆ. ಅದರ ಕೆಳಗೆ ಗೋಡೆಯಲ್ಲಿ ಹಸಿರು ಜಾಡು. ಬರ್ನ್‌ಲಿ, ಆಕ್ರಿಂಗ್‌ಟನ್ ಕಡೆಯ ಊರಾದರೆ ಇದನ್ನು ಹಾಕುವ ಮುನ್ನ ಯೋಚಿಸಿ. ಅಲ್ಲಿ ಅಡುಗೆಮನೆಯ ಬಚ್ಚಲ ನೀರು ತುಂಬಿದಾಗ ತಾನೇ ಮಗುಚಿ ತೊಳೆಯುವ ಬಗೆಯ ಕಕ್ಕಸು ಬಹಳ ಇತ್ತು. ಅದಕ್ಕೆ ತೊಟ್ಟಿಯೂ ಇಲ್ಲ, ಕೊಳವೆಯೂ ಇಲ್ಲ.

ಬಟ್ಟೆ ಒಗೆಯುವ ಕೋಣೆ ಇರುವ ಸಾಲಾದರೆ ಹಂಡೆ ಒಲೆಗೆ ಹೊಗೆಗೂಡು ಬೇಕು. ಜೋಡಿಗೆ ಒಂದೇ ಹೊಗೆಗೂಡು, ನಡುಗೋಡೆಯ ಮೇಲೆ. ಹೊಗೆಗೂಡಿಲ್ಲದ ಒಗೆಯುವ ಕೋಣೆ ಎಂಬುದಿಲ್ಲ.

ಕಡಲತೀರ_ಲೈನ್

ಗಲ್ಲಿ ಇಳಿಜಾರಾಗಿದ್ದರೆ?

ಇಟ್ಟಿಗೆ_ಗೂಡು

ನೆಲ ಓರೆ, ವರಸೆ ಮಾತ್ರ ಮಟ್ಟ. ಇದೊಂದೇ ಸೂತ್ರ. 20ಕ್ಕೆ 1ರ ಇಳಿಜಾರಾದರೆ 60 ಮಿ.ಮೀ. ಅಗಲದ ಮನೆಗೆ 3 ಮಿ.ಮೀ. ಇಳಿಯುತ್ತದೆ, ಸರಿಯಾಗಿ ಮೂರು ವರಸೆ. ಪ್ರತಿ ನಡುಗೋಡೆಯಲ್ಲಿ ಗೋಡೆಯ ತಲೆ ಮೂರು ವರಸೆ ಮೆಟ್ಟಿಲಾಗಿ ಇಳಿಯಲಿ. ಜೋಡಿ ಕಟ್ಟಡದ ಮಾಡೂ ಅಲ್ಲೇ ಒಡೆದು ಇಳಿಯಬೇಕು, ಎತ್ತರದ ಬದಿಯ ನಡುಗೋಡೆ ಕೆಳಗಿನ ಮಾಡಿನ ಮೇಲೆ ಇಣುಕಬೇಕು. ಇಟ್ಟಿಗೆ ಹಾಳೆಯನ್ನೇ ಓರೆಯಾಗಿ ಅಂಟಿಸಿ ಗೋಡೆಯ ತಲೆಯನ್ನು ಗಲ್ಲಿಗೆ ಸಮಾನಾಂತರ ಮಾಡಿದರೆ ಸಾಲೇ ಜಾರಿಬೀಳುವಂತೆ ತೋರುತ್ತದೆ. ಬುಡವನ್ನು ಲೇಔಟಿನ ನೆಲದೊಳಗೆ 2ರಿಂದ 5 ಮಿ.ಮೀ. ಹೂಳಲು ಎತ್ತರ ಹೆಚ್ಚು ಬಿಟ್ಟುಕೊಂಡೇ ಗೋಡೆ ಕತ್ತರಿಸಿ. ಗೋಡೆ ನಿಲ್ಲಿಸಿದ ಮೇಲೆ ಕಲ್ಲುಹಾಸನ್ನು ಅದಕ್ಕೆ ತಾಗಿಸಿ ಹಾಸಿದರೆ ಬುಡದಲ್ಲಿ ಕಪ್ಪು ಸಂದು ಉಳಿಯುವುದಿಲ್ಲ.

ಗಲ್ಲಿಯ ಅಗಲ 10ರಿಂದ 12 ಅಡಿ, 40ರಿಂದ 48 ಮಿ.ಮೀ. ಕಲ್ಲುಹಾಸು ಎರಡೂ ಬದಿಯಿಂದ ನಡುವಿನ ಮೋರಿಗೆ ಇಳಿಯಬೇಕು. ನಡು ಅಂಚಿಗಿಂತ 1 ಮಿ.ಮೀ. ತಗ್ಗಿದ್ದರೆ ಸಾಕು. ಊರ ರಸ್ತೆಯಂತೆ ನಡು ಉಬ್ಬಿದರೆ ನೀರೆಲ್ಲ ಕಕ್ಕಸಿನ ಬುಡಕ್ಕೆ ಹೋಗುತ್ತದೆ.

ಎನ್_ಅಳತೆ

ಎನ್ ಅಳತೆಯಲ್ಲಿ ಮಾಡುವವರಿಗೆ: ಅಡಿಗೆ 2.06 ಮಿ.ಮೀ., ಮೇಲಿನ ಎಲ್ಲ ಅಳತೆಗಳನ್ನು 0.515ರಿಂದ ಗುಣಿಸಿ. ಜೋಡಿ ಕಟ್ಟಡ 33.5 ಮಿ.ಮೀ. ಅಗಲ. ಇಟ್ಟಿಗೆ ವರಸೆ ಅರ್ಧ ಮಿ.ಮೀ. ಆಗುವುದರಿಂದ ಗೀರಬೇಡಿ, ಮುದ್ರಿತ ಕಾಗದವೇ ಚೆನ್ನಾಗಿ ಕಾಣುತ್ತದೆ. ಸ್ಲೇಟಿಗೆ ಸೀಳು ಬೇಡ, 1.1 ಮಿ.ಮೀ. ಮೆಟ್ಟಿಲಾಗಿ ಪಟ್ಟಿ ಅಂಟಿಸಿದರೆ ಸಾಕು. ಬಾಗಿಲಡಿಯ ಸಂದು, ಸುಣ್ಣದ ಪಟ್ಟಿ, ಮಾಡಿನ ಇಳಿಜಾರು, ಈ ಮೂರನ್ನು ಮಾತ್ರ ಬಿಡಬೇಡಿ.

ಸಿಗ್ನಲ್_ಕಂಬ

ಲೇಔಟ್ ನೆಲದಿಂದ 1200 ಮಿ.ಮೀ. ಎತ್ತರದಲ್ಲಿದೆ. ಹಿತ್ತಲಿನೊಳಗೆ ಸಾಮಾನು ಎಷ್ಟು ಹಾಕುವುದು?

ನೀಲಿ_ಸ್ಲೇಟು

ಸಾಲು ಏರಿಯ ಬುಡದಲ್ಲಿ, ಹಿತ್ತಲು ನೋಡುವವರ ಕಡೆಗೇ ಇರುವುದರಿಂದ ನಿಂತು ನೋಡಿದರೆ ಗೋಡೆಯ ತಲೆಯೂ ಮಾಡೂ ಚೆನ್ನಾಗಿ ಕಾಣುತ್ತವೆ, ಹಿತ್ತಲಿನ ನೆಲ ಅರೆಬರೆ. ಕೂತು ನೋಡುವವರಿಗೆ ನೆಲ ಕಾಣುವುದೇ ಇಲ್ಲ. ಆದ್ದರಿಂದ ಶ್ರಮವನ್ನು ಮಾಡು, ಗೋಡೆಯ ತಲೆಗಲ್ಲು, ಮನೆಯ ಕಡೆಗಿನ ಒಳಗೋಡೆಗಳಿಗೆ ಹಾಕಿ. ಮನೆಯ ಹಿಂಗೋಡೆಗೆ ಮೊಳೆಯಲ್ಲಿ ನೇತುಹಾಕಿದ ತಗಡಿನ ಸ್ನಾನದ ತೊಟ್ಟಿ, 5 ಅಡಿ ಉದ್ದ, 20 ಮಿ.ಮೀ., ಒಂದೆರಡು ಮನೆಗೆ. ಕಸದ ಡಬ್ಬಿ 6 ಮಿ.ಮೀ. ವ್ಯಾಸ, 8 ಎತ್ತರ, ಹಿತ್ತಲ ಬಾಗಿಲ ಪಕ್ಕ, ಮನೆಗೆ ಒಂದು.

ಬಟ್ಟೆ ಹಗ್ಗವನ್ನು ಗಲ್ಲಿಗೆ ಅಡ್ಡಲಾಗಿ ಕಟ್ಟುವುದಾದರೆ ಹಿಗ್ಗುವ ಎಲಾಸ್ಟಿಕ್ ನೂಲು ಬಳಸಿ, ಹತ್ತಿ ನೂಲು ತೇವ, ಬಿಸಿಲಿಗೆ ತಕ್ಕಂತೆ ಒಮ್ಮೆ ಸಡಿಲವಾಗಿ ಒಮ್ಮೆ ಬಿಗಿದು ಗೋಡೆಯನ್ನೇ ಎಳೆಯುತ್ತದೆ. ಬಟ್ಟೆ ಒಗೆಯುವ ವಾರ ಸೋಮವಾರ. ಹಗ್ಗದ ತುಂಬ ಬಟ್ಟೆ ಇದ್ದರೆ ಆ ದಿನ ಗಲ್ಲಿಗೆ ಕಲ್ಲಿದ್ದಲು ಗಾಡಿ ನುಗ್ಗಲಾರದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಸಿಗ್ನಲ್_ಕಂಬ

ಗಾಡಿಯನ್ನೇ ಇಡುತ್ತೇನೆ. ಮೇಲಿನ ಕಿಂಡಿ ಒಂದನ್ನು ತೆರೆದಿಟ್ಟು ಅದರ ಕೆಳಗಿನ ಕಲ್ಲುಹಾಸಿಗೆ ಕಪ್ಪು ಪುಡಿ ಉದುರಿಸಿದರೆ ಗಾಡಿ ಅಲ್ಲಿ ನಿಂತಿದ್ದಕ್ಕೆ ಕಾರಣವೂ ಸಿಕ್ಕಿತು. ಮೊದಲ ಜೋಡಿಯನ್ನು ಸನ್‌ಬೋರ್ಡಿನಲ್ಲಿ ಕತ್ತರಿಸುವ ಮುನ್ನ 65 × 22.5ರ ರಟ್ಟಿನ ನಮೂನೆ ಮಾಡಿ ನಾಲ್ಕನ್ನೂ ಜಾಗದಲ್ಲಿಟ್ಟು ಚಿತ್ರ ಹಾಕುತ್ತೇನೆ. ಕಿಂಡಿಗಳ ಎತ್ತರ ನೋಡಿ ಹೇಳಿ.